ನಸೀಮಾಳ ಫ್ಲಾಪಿಯಲ್ಲಿ ಗೊರಕಿ ಬಸಪ್ಪ

ನಂಬಬೇಡಿ. ಶಹಾಪುರದಲ್ಲಿ ನನ್ನ ಮಾತು ನಂಬಿ ಬೇಸ್ತುಬಿದ್ದವರೇ ಹೆಚ್ಚು. ಆದರೆ ನಸೀಮಾಳ ನೌಕರಿ ತಪ್ಪಿಸಿದ್ದು ನಾನೇ — ತಾಕತ್ತಿದ್ದರೆ ಇದನ್ನೂ ಸುಳ್ಳೆನ್ನಿ.

ಆಕೆ ಸುರಪುರದವಳು. ನಮ್ಮ ಹತ್ತಿ ಮಿಲ್ಲಿನ ಲೆಕ್ಕಕ್ಕೆ ಪ್ರೋಗ್ರಾಮ್ ಬರೆದವರು ನಾವಿಬ್ಬರೇ. ನಾನು ಹಿರಿಯ, ಚುರುಕು — ಸರಿ, ಚುರುಕು ಆಕೆ. ಮಿಲ್ಲು ಮುಚ್ಚುವುದಿತ್ತು. ಆಕೆಯ ದುಡಿಮೆಯ ಮೇಲೆ ತಾಯಿ, ತಂಗಿಯರು. ಕಾಲುವೆ ನೀರು ಬಂದ ಮೇಲೆ ಯಾದಗಿರಿಯಲ್ಲಿ ಎದ್ದಿದ್ದ ಅಕ್ಕಿ ಗಿರಣಿಯೊಂದರವರು, ನೌಕರಿ ಬೇಕಾದರೆ ಮಾಡಿದ ಕೆಲಸ ತೋರಿಸು ಎಂದರು. ತೋರಿಸುವುದೇನನ್ನು? ರೈತರ ಲೆಕ್ಕ ಹೊರಗೆ ಒಯ್ಯುವುದಿಲ್ಲವೆಂದು ಮಿಲ್ಲಿನ ಧಣಿಗೆ ಮಾತು ಕೊಟ್ಟಿದ್ದಳು. ಅದಕ್ಕೇ ಹೊಸ ಪ್ರೋಗ್ರಾಮೊಂದನ್ನು ಬರೆದು ಫ್ಲಾಪಿಗೆ ಹಾಕಿಕೊಂಡಳು — ಇಲ್ಲದ ಊರು, ಇಲ್ಲದ ರೈತರು, ಅವರ ಹೊಲಗಳಿಗೆ ಕಾಲುವೆ ನೀರಿನ ಪಾಳಿ.

ನಮ್ಮ ಕಡೆ ಊರಿಗೆ ಹತ್ತು ಮಂದಿ ಬಸಪ್ಪ; ಅಡ್ಡಹೆಸರಿಲ್ಲದೆ ಯಾರೆಂದು ತಿಳಿಯದು. ಮಿಲ್ಲಿನ ಲೆಕ್ಕದಲ್ಲೂ ಅಡ್ಡಹೆಸರುಗಳೇ. ಯಾದಗಿರಿಗೆ ಹೊರಡುವ ಮುನ್ನ ಆಕೆಯ ಫ್ಲಾಪಿಗೆ ಕದ್ದು ಕೈಹಾಕಿ, ಆಕೆ ಕಟ್ಟಿದ್ದ ಹೆಸರು ಅಳಿಸಿ ಅವನ್ನು ತುಂಬಿದೆ: ಉಳ್ಳಾಗಡ್ಡಿ ಮಲ್ಲಪ್ಪ, ದೇವಾಪುರದ ಗೊರಕಿ ಬಸಪ್ಪ... ಪರದೆ ತೆರೆದಾಗ ಆಕೆಯ ಮುಖ ನೋಡುವ ಆಸೆ — ಅಷ್ಟೇ. ನೋಡಲೆಂದೇ ಜೊತೆಗೂ ಹೋದೆ.

ಗಿರಣಿಯ ಸಾಹುಕಾರರು ನಗಲಿಲ್ಲ.

“ಗೊರಕಿ ಬಸಪ್ಪ ನಮ್ಮ ಮಾವ. ಅವರು ಹತ್ತಿ ಹಾಕೋದು ನಿಮ್ಮ ಮಿಲ್ಲಿಗೇ. ಅಲ್ಲಿಂದು ಇಲ್ಲಿಗೆ ತಂದಾಕಿ, ನಾಳೆ ಇಲ್ಲಿಂದು ಎಲ್ಲಿಗೆ ಒಯ್ತೀಯವ್ವ?”

ನಸೀಮಾ ಪರದೆಯನ್ನೇ ನೋಡುತ್ತಿದ್ದಳು. ನಾನು ಒಂದು ಮಾತು ಆಡಿದ್ದರೆ — ಊರಿಗೆಲ್ಲ ಬಾಯಿ ಮಾಡುವವನು, ಅಲ್ಲಿ —

ತಿರುಗಿ ಬರುವಾಗ ಬಸ್ಸಿನಲ್ಲಿ ಎಲ್ಲ ಹೇಳಿಬಿಟ್ಟೆ. ಆಕೆ ನಕ್ಕು, “ನಿಮ್ಮ ಚೇಷ್ಟೆ ನನಗ ಗೊತ್ತಿಲ್ಲೇನ್ರಿ ಅಣ್ಣಾ, ಹೋಗ್ಲಿ ಬಿಡ್ರಿ” ಎಂದಳು.

ಕೆಲವೇ ದಿನಕ್ಕೆ ಆ ಕೆಲಸಕ್ಕೆ ನನ್ನನ್ನೇ ಕರೆದರು. ಗುಟ್ಟು ಕಾಯುವ ಮನುಷ್ಯ ಬೇಕಂತೆ. ಹೋದೆ. ತಲೆ ನರೆಯುವವರೆಗೂ ಆ ಅನ್ನ ಉಂಡೆ. ಈಗಲೂ ಸುರಪುರದ ಬಸ್ಸು ಕಂಡರೆ ಹತ್ತಲು ಏಳುತ್ತೇನೆ, ಕೂರುತ್ತೇನೆ, ಮತ್ತೆ ಏಳುತ್ತೇನೆ.

ಇಷ್ಟೆಲ್ಲದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ — ಬಸ್ಸಿನ ಮಾತು. ನಾನು ಏನೂ ಹೇಳಲಿಲ್ಲ. ಆಕೆ ನಗಲೂ ಇಲ್ಲ. ಫ್ಲಾಪಿಯನ್ನು ಅತ್ತ ಇತ್ತ ತಿರುಗಿಸಿ ನೋಡುತ್ತ ಅಂದದ್ದು ಇಷ್ಟು:

“ನನ್ನ ಕೈಯಿಂದ್ಲೇ ತಪ್ಪಾಗಿರಬೇಕ್ರಿ ಅಣ್ಣಾ. ಮಿಲ್ಲಿನ ರೈತರ ಹೆಸರು ಯಾವಾಗ ಹಾಕೀನೋ, ನೆನಪೇ ಇಲ್ಲ ನೋಡ್ರಿ.”

ನಾನು ಹೂಂ ಎಂದೆ.