ಶತ್ರು ದೇಶದಲ್ಲಿ ನಮ್ಮ ನೂರು ರೂಪಾಯಿ

ಬಾಂಗ್ಲಾ ಯುದ್ಧ ಮುಗಿದ ಮೇಲೆ ತುಮಕೂರಿನ ನಮ್ಮ ಕಚೇರಿಗೊಂದು ಸುತ್ತೋಲೆ ಬಂತು. ಶತ್ರು ದೇಶದಲ್ಲಿ ಸಾರ್ವಜನಿಕ ಹಣ ಯಾವ ರೂಪದಲ್ಲಿದ್ದರೂ ಹಿಂತೆಗೆದು ವರದಿ ಮಾಡಬೇಕಂತೆ. ಶಾಲೆಗಳ ಕಾಗದಪತ್ರ ನೋಡುವ ಗುಮಾಸ್ತ ನಾನು. "ನಿಲ್ ಅಂತ ಬರ್ದು ಕಳ್ಸಿಬುಡು," ಎಂದರು ಹೆಡ್ ಕ್ಲರ್ಕು, ಸುತ್ತೋಲೆ ಓದದೆಯೇ. ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ದೇಶ ನನ್ನನ್ನೇ ನಂಬಿ ಕೂತಿದೆ ಎಂದುಕೊಂಡಿದ್ದ ಕಾಲ. ಒಂದು ಶಾಲೆಯನ್ನೂ ಬಿಡದೆ ಎಲ್ಲಕ್ಕೂ ಕಾಗದ ಬರೆದೆ.

ಗುಬ್ಬಿಯಿಂದ ನಿಲ್ ಬಂತು, ಅಂದರೆ ಏನೂ ಇಲ್ಲವೆಂದು. ಕುಣಿಗಲ್ಲಿನಿಂದಲೂ ನಿಲ್. ನನಗೆ ನಿರಾಸೆಯಾಗತೊಡಗಿತು. ಅಷ್ಟರಲ್ಲಿ ಅಮೃತೂರಿನ ಕಡೆಯ ಶಾಲೆಯೊಂದರ ಹೆಡ್‌ಮಾಸ್ಟರು ಬಸ್ಸು ಹತ್ತಿ ಬಂದರು. ನನಗೇ ಪಾಠ ಹೇಳಿದ ಮೇಷ್ಟ್ರು. ದೇಶ ಇಬ್ಭಾಗವಾಗುವ ಮೊದಲು ದಾನಿಯೊಬ್ಬರು ಬಹುಮಾನದ ನಿಧಿಗೆಂದು ಕೊಟ್ಟಿದ್ದ, ಕರಾಚಿಯ ಗಿರಣಿಯೊಂದರ ನೂರು ರೂಪಾಯಿಯ ಷೇರು ಪತ್ರ ಅವರ ಶಾಲೆಯ ಬೀರುವಿನಲ್ಲಿತ್ತು. ಅದರಿಂದ ಬಿಡಿಗಾಸೂ ಬಂದಿರಲಿಲ್ಲ. "ಇದೂ ಸೇರ್ತದೇನೋ ನೋಡಪ್ಪ," ಎಂದು ಪತ್ರವನ್ನು ನನ್ನ ಕೈಗಿಟ್ಟರು. ಹಿಗ್ಗಿ ಹೀರೇಕಾಯಿಯಾಗಿ ಎರಡು ಪುಟದ ವರದಿ ಬರೆದೆ. 'ಶತ್ರು' ಎಂಬ ಪದದ ಕೆಳಗೆ ಕೆಂಪು ಗೆರೆ ಬೇರೆ.

ಬೆಂಗಳೂರಿನಿಂದ ಉತ್ತರ ಬಂತು: ಸದರಿ ಹಣವನ್ನು ಹಿಂತೆಗೆದು ಖಜಾನೆಗೆ ಕಟ್ಟುವ ತನಕ ಹೆಡ್‌ಮಾಸ್ಟರರ ನಿವೃತ್ತಿಯ ಕಾಗದಗಳನ್ನು ತಡೆಹಿಡಿಯತಕ್ಕದ್ದು. ಮೇಷ್ಟ್ರ ನಿವೃತ್ತಿಗೆ ಉಳಿದಿದ್ದದ್ದು ಎರಡೇ ತಿಂಗಳು. ಊರಿನಲ್ಲಿ ಮನೆ ಕಟ್ಟಲು ಹಿಡಿದಿದ್ದರು. ಗೋಡೆ ಎದ್ದಿತ್ತು, ಸೂರಿಗೆ ನಿವೃತ್ತಿಯ ದುಡ್ಡನ್ನೇ ನಂಬಿದ್ದರು.

ಆ ನೂರು ರೂಪಾಯಿ ನಾನೇ ಕಟ್ಟುತ್ತೇನೆಂದೆ. ಶತ್ರು ದೇಶದಿಂದ ಬಂದದ್ದಕ್ಕೆ ಪುರಾವೆ ಎಲ್ಲಿ ಎಂದರು ಬೆಂಗಳೂರಿನವರು. ನೆನಪೋಲೆಗಳನ್ನು ಬರೆದೆ, ಉತ್ತರವಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡವನು ನಾನು. ಕಚ್ಚಿಸಿಕೊಂಡವರು ಮಾತ್ರ ಮೇಷ್ಟ್ರು.

ಅವರು ನಿವೃತ್ತರಾಗಿ ವರ್ಷವಾದ ಮೇಲೆ ಹೆಡ್ ಕ್ಲರ್ಕು ಫೈಲನ್ನು ಎಳೆದುಕೊಂಡು ಒಂದು ಸಾಲು ಬರೆದರು: 'ಸದರಿ ಪತ್ರವನ್ನು ಗೆದ್ದಲು ತಿಂದಿರುವುದರಿಂದ, ನಿಲ್.' ಪತ್ರ ನನ್ನ ಡ್ರಾಯರಿನಲ್ಲಿ ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಸರ್ಕಾರ ಯಾರನ್ನೂ ನಂಬದಿದ್ದರೂ ಗೆದ್ದಲನ್ನು ನಂಬುತ್ತದೆ. ಹದಿನೈದೇ ದಿನದಲ್ಲಿ ನಿವೃತ್ತಿಯ ಕಾಗದಗಳನ್ನು ಬಿಡುಗಡೆ ಮಾಡುವ ಆದೇಶ ಬಂತು.

ಅದನ್ನು ನಾನೇ ಒಯ್ದೆ. ಮೇಷ್ಟ್ರೂ ಅವರ ಹೆಂಡತಿಯೂ ಆ ವರ್ಷದ ಮಳೆಗಾಲವನ್ನು ಅದೇ ಗೋಡೆಗಳ ಮೇಲೆ ತೆಂಗಿನ ಗರಿ ಹೊದಿಸಿಕೊಂಡು ಕಳೆದಿದ್ದರು. ಆಕೆ ನನಗೆ ಮುದ್ದೆ ಬಡಿಸಿದರು. ತಪ್ಪಾಯಿತು ಸಾರ್ ಎಂದೆ.

"ಬುಡಪ್ಪ. ಪರೀಕ್ಷೇಲಿ ಉತ್ರ ಗೊತ್ತಿಲ್ದಿದ್ರೂ ಖಾಲಿ ಬುಡಬ್ಯಾಡ್ರಿ, ಏನಾದ್ರೂ ಬರೀರಿ ಅಂತ ಹೇಳ್ಕೊಟ್ಟೋನು ನಾನೇ ಅಲ್ವಾ," ಎಂದರು.

ತಮಾಷೆಗೆ ಹೇಳಿದ ಮಾತಲ್ಲ. ತಪ್ಪು ತಮ್ಮದೇ ಎಂದು ಅವರು ನಿಜವಾಗಿಯೂ ನಂಬಿದ್ದರು. ಬೈದಿದ್ದರೆ ಮುದ್ದೆಯಾದರೂ ಗಂಟಲಲ್ಲಿ ಇಳಿಯುತ್ತಿತ್ತು.