ಹಳೆ ಕೀಬೋರ್ಡು, ಹೊಸ ಕೀಬೋರ್ಡು

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಹೊಳಲ್ಕೆರೆಯ ಒಂದು ಸಣ್ಣ ಸರ್ಕಾರಿ ಕಚೇರಿಗೆ ಟೈಪಿಸ್ಟಾಗಿ ಸೇರಿದೆ. ನನಗಾಗ ಇಪ್ಪತ್ತು ತುಂಬಿರಲಿಲ್ಲ. ಧರ್ಮಪುರದ ಕಡೆಯ ಕುರಿ ಸಾಕುವ ಮನೆ ನಮ್ಮದು. ನನ್ನ ಅವ್ವನಿಗೆ ಟೈಪ್‌ರೈಟರ್ ಎಂದರೆ ಏನೆಂದು ವಿವರಿಸುವುದೇ ದೊಡ್ಡ ಕೆಲಸವಾಗಿತ್ತು. ಕೊನೆಗೆ, ಬರೆಯುವ ಮೆಷಿನ್ನು ಎಂದಿದ್ದೆ. ಅದು ತಾನೇ ಬರೆಯುವುದಾದರೆ ನಿನ್ನನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂದು ಅವಳು ಕೇಳಿದ್ದಳು.

ಟೈಪಿಂಗ್ ಕಲಿತದ್ದು ಚಿತ್ರದುರ್ಗದಲ್ಲಿ, ಸೋದರತ್ತೆಯ ಮನೆಯಲ್ಲಿದ್ದುಕೊಂಡು. ಆಗ ಕನ್ನಡ ಟೈಪಿಂಗ್ ಕಲಿಯಲು ಬಂದವರಿಗೆಲ್ಲ ನಮ್ಮ ಮೇಷ್ಟ್ರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಹಳೆ ಕೀಬೋರ್ಡೋ, ಹೊಸ ಕೀಬೋರ್ಡೋ? ಎರಡರಲ್ಲೂ ಅಕ್ಷರಗಳು ಅವೇ, ಕೂತಿರುವ ಜಾಗ ಮಾತ್ರ ಬೇರೆ. ಹಳೆಯದರಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿನಲ್ಲಿದ್ದವು, ಅದರಲ್ಲೂ ಕೆಲವು ಇರಲೇ ಇಲ್ಲ. ಹಾಳೆ ತೆಗೆದ ಮೇಲೆ ಅವನ್ನು ಪೆನ್ನಿನಲ್ಲಿ ತುಂಬಬೇಕಿತ್ತು. ಹೊಸದರಲ್ಲಿ ಎಲ್ಲ ಒತ್ತುಗಳೂ ಇದ್ದವು. ಬೆರಳಿಗೆ ಹತ್ತಿರವಾಗಲೆಂದು ಅಕ್ಷರಗಳ ಜಾಗವನ್ನೂ ಬದಲಿಸಿದ್ದರು. ಮುಂದಿನ ಪರೀಕ್ಷೆಗಳೆಲ್ಲ ಹೊಸದರಲ್ಲೇ ಎಂದು ಮೇಷ್ಟ್ರು ಹೇಳಿದರು. ನಾನು ಯೋಚನೆ ಮಾಡದೆ ಹೊಸದನ್ನು ಹಿಡಿದೆ.

ಹೊಳಲ್ಕೆರೆಯ ಕಚೇರಿಯಲ್ಲಿದ್ದದ್ದು ಹಳೆಯದು.

ಮೊದಲ ದಿನ ಸಾಹೇಬರು ಒಂದು ಒಕ್ಕಣೆ ಕೊಟ್ಟು ಟೈಪು ಮಾಡಲು ಹೇಳಿದರು. ನನ್ನ ಬೆರಳುಗಳು ಕಲಿತ ದಾರಿಯಲ್ಲೇ ಓಡಿದವು. ಹಾಳೆ ನೋಡಿದರೆ ಒಂದು ಪದವೂ ಪದವಾಗಿರಲಿಲ್ಲ. ಸಾಹೇಬರು ಅದನ್ನು ಎತ್ತಿ ಹಿಡಿದು, ಇದು ಯಾವ ಭಾಷೆಯಮ್ಮ ಎಂದು ನಕ್ಕರು. ನನಗೆ ಅಳು ಬಂತು. ಆಗ ಹಿಂದಿನಿಂದ ಒಂದು ಕೈ ಬಂದು ನನ್ನ ಬೆರಳುಗಳನ್ನು ಹಿಡಿದು, ಒಂದೊಂದಾಗಿ ಕೀಲಿಗಳ ಮೇಲೆ ಇಟ್ಟಿತು.

"ಅಳಬ್ಯಾಡ ತಾಯಿ. ಅಕ್ಷರ ಎಲ್ಲೂ ಹೋಗಿಲ್ಲ. ಮನೆ ಬದಲು ಮಾಡ್ಯಾವೆ, ಅಷ್ಟೇ."

ಅವರು ಆ ಕಚೇರಿಯ ಹಿರಿಯ ಟೈಪಿಸ್ಟು. ಎಲ್ಲರೂ ಅಕ್ಕಾರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಐವತ್ತರ ಹತ್ತಿರದ ಹೆಂಗಸು. ಅದೇ ಇಲಾಖೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಅವರಿಗೆ ಈ ಕೆಲಸ ಸಿಕ್ಕಿತ್ತು. ಮಗಳನ್ನು ಸಿರಿಗೆರೆಯಲ್ಲಿ ಓದಲು ಬಿಟ್ಟು, ಒಬ್ಬರೇ ಇದ್ದರು. ಅವರ ವಠಾರದಲ್ಲೇ ನನಗೂ ಒಂದು ಕೋಣೆ ಕೊಡಿಸಿದರು. ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಹೋಗುತ್ತಿದ್ದೆವು. ದಾರಿಯಲ್ಲಿ ಅವರು ನನ್ನ ತೋಳು ಹಿಡಿದುಕೊಂಡು ನಡೆಯುತ್ತಿದ್ದರು. ಅದು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೂ ಇತ್ತು.

ಎರಡು ತಿಂಗಳಲ್ಲಿ ಹಳೆ ಕೀಬೋರ್ಡು ನನ್ನ ಕೈಗೆ ಹತ್ತಿತು. ಅಕ್ಕಾರ ವೇಗ ಮಾತ್ರ ನನಗೆ ಯಾವತ್ತೂ ಬರಲಿಲ್ಲ. ಅವರದು ಒಂದು ಪದ್ಧತಿ ಇತ್ತು. ಒಕ್ಕಣೆಯನ್ನು ನಾನು ಪಕ್ಕದಲ್ಲಿ ಕೂತು ಓದಬೇಕು, ಅವರು ಕಿಟಕಿಯ ಕಡೆ ಮುಖ ಮಾಡಿ ಹೊಡೆಯುತ್ತಾ ಹೋಗಬೇಕು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ, ಕಚೇರಿಯ ಕನ್ನಡ ಬಾಯಿಗೆ ಬಂದರೆ ಮಾತ್ರ ಕೈಗೆ ಬರುವುದು ಎಂದರು. ಪೆನ್ನಿನಲ್ಲಿ ಒತ್ತು ತುಂಬುವ ಕೆಲಸವನ್ನೂ ನನಗೇ ಬಿಟ್ಟಿದ್ದರು, ನಿನ್ನ ಅಕ್ಷರ ದುಂಡಗಿದೆ ಎಂದು. ನಾನು ಹಿಗ್ಗಿದ್ದೆ.

ಮುಂದಿನ ಬೇಸಿಗೆಯಲ್ಲಿ ಹೊಸ ಕೀಬೋರ್ಡಿನ ಮೆಷಿನ್ನು ಬಂತು. ಜೊತೆಗೆ ಒಂದು ಸೂಚನೆಯೂ ಬಂತು: ಕಚೇರಿಗೆ ಒಂದೇ ಮೆಷಿನ್ನು. ಹೊಸದನ್ನು ಇಟ್ಟುಕೊಂಡರೆ ಹಳೆಯದನ್ನು ಜಿಲ್ಲಾ ಕಚೇರಿಗೆ ಕಳಿಸಬೇಕು. ಬೇಡವೆಂದರೆ ಹೊಸದು ಹೊಸದುರ್ಗದ ಕಚೇರಿಗೆ ಹೋಗುತ್ತದೆ. ಸಾಹೇಬರು ನಮ್ಮಿಬ್ಬರನ್ನೂ ಕರೆದು, ಕೂತು ಕೆಲಸ ಮಾಡುವವರು ನೀವು, ವಾರದೊಳಗೆ ಅಭಿಪ್ರಾಯ ಬರೆದು ಕೊಡಿ ಎಂದರು.

ನನಗೆ ಹಬ್ಬ ಬಂದಂತಾಗಿತ್ತು. ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸಾಗದೆ ನನ್ನ ಕೆಲಸ ಕಾಯಂ ಆಗುತ್ತಿರಲಿಲ್ಲ, ಪರೀಕ್ಷೆ ಹೊಸದರಲ್ಲಿ. ಆ ವಾರವೆಲ್ಲ ಬಿಡುವು ಸಿಕ್ಕಾಗಲೆಲ್ಲ ಹೊಸ ಮೆಷಿನ್ನಿನ ಮುಂದೆ ಕೂತೆ. ಮರೆತೇಹೋಗಿದೆ ಎಂದುಕೊಂಡಿದ್ದ ಜಾಗಗಳು ಒಂದೊಂದಾಗಿ ನೆನಪಾದವು. ನೀವೂ ಒಂದು ಸಲ ಕೂತು ನೋಡಿ ಎಂದು ಅಕ್ಕಾರಿಗೆ ದಿನಾ ಹೇಳುತ್ತಿದ್ದೆ. ಅವರು ಒಂದು ದಿನ ಭುಜ ನೋವು ಎಂದರು, ಒಂದು ದಿನ ಕೆಲಸ ಬಹಳ ಎಂದರು. ಅಭಿಪ್ರಾಯದ ಮಾತು ಬಂದಾಗ, ನೀನು ಹೊಸದಕ್ಕೇ ಬರಿ, ನಾನೂ ರುಜು ಹಾಕುತ್ತೇನೆ ಎಂದುಬಿಟ್ಟರು. ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಆಶ್ಚರ್ಯವೆನಿಸಲಿಲ್ಲ. ಆ ವಯಸ್ಸಿನಲ್ಲಿ ನಮಗೆ ಬೇಕಾದದ್ದಕ್ಕೆ ಯಾರಾದರೂ ಒಪ್ಪಿದರೆ ಅದು ಸಹಜ ಅನ್ನಿಸುತ್ತದೆ.

ಐದನೆಯ ದಿನ ಬೆಳಿಗ್ಗೆ ಹಳೆ ಮೆಷಿನ್ನಿನಲ್ಲಿ ನಾನೊಂದು ಸ್ಟೆನ್ಸಿಲ್ ಕತ್ತರಿಸಿದೆ. ಒಂದೇ ಸುತ್ತೋಲೆಯ ಹಲವು ಪ್ರತಿ ತೆಗೆಯಬೇಕಾದರೆ ಮೇಣದ ಹಾಳೆಯ ಮೇಲೆ ಟೈಪು ಮಾಡುತ್ತಿದ್ದೆವು. ಆಗ ಅಚ್ಚು ನೇರವಾಗಿ ಹಾಳೆಗೆ ಬಡಿಯಬೇಕು, ಹಾಗಾಗಿ ಶಾಯಿಯ ರಿಬ್ಬನ್ ಅಡ್ಡ ಬರದಂತೆ ಒಂದು ಸಣ್ಣ ಗುಂಡಿ ತಿರುಗಿಸಿ ಅದನ್ನು ಕೆಳಗೆ ನಿಲ್ಲಿಸುತ್ತಿದ್ದೆವು. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಮೊದಲಿನಂತೆ ತಿರುಗಿಸುವುದನ್ನು ನಾನು ಮರೆತೆ.

ಅದಾದ ಮೇಲೆ ಅಕ್ಕಾರು ಕೂತರು. ಅವತ್ತು ಕಚೇರಿಯ ಮಾಡಿಗೆ ತಗಡು ಬಡಿಯುತ್ತಿದ್ದರು, ಕಿವಿಗೆ ಬೇರೇನೂ ಕೇಳುತ್ತಿರಲಿಲ್ಲ. ನಾನು ಜೋರಾಗಿ ಓದಿದೆ, ಅವರು ಎಂದಿನಂತೆ ಕಿಟಕಿಯ ಕಡೆ ತಿರುಗಿ ಹೊಡೆದರು. ನಾನು ಕಣ್ಣನ್ನು ಒಕ್ಕಣೆಯಿಂದ ತೆಗೆಯಲಿಲ್ಲ. ಮುಗಿದ ಮೇಲೆ ಹಾಳೆಗಳನ್ನು ಎಳೆದು, ಮೇಲಿನದನ್ನು ಬೇರೆ ಮಾಡಿ ನನ್ನ ಕೈಗೆ ಕೊಟ್ಟರು.

"ನೋಡು, ಎಲ್ಲಾ ಸರಿ ಐತೇನು? ಸಾಹೇಬ್ರ ರುಜು ಆಗ್ಲಿ."

ಹಾಳೆ ಬೆಳ್ಳಗಿತ್ತು. ಒಂದು ಅಕ್ಷರವೂ ಇರಲಿಲ್ಲ. ಅಚ್ಚು ಬಡಿದ ತಗ್ಗುಗಳಷ್ಟೇ ಇದ್ದವು. ಕೆಳಗಿದ್ದ ಕಾರ್ಬನ್ ಪ್ರತಿಯಲ್ಲಿ ಮಾತ್ರ ಇಡೀ ಪತ್ರ ಮೂಡಿತ್ತು, ಒಂದೂ ತಪ್ಪಿಲ್ಲದೆ.

ನಾನು ಅವರ ಮುಖ ನೋಡಿದೆ. ಅವರು ನಗುತ್ತಾ ನನ್ನ ಕಡೆ ನೋಡುತ್ತಿದ್ದರು. ಸರಿಯಾಗಿ ಹೇಳಬೇಕೆಂದರೆ ನನ್ನ ಭುಜದ ಕಡೆ. ಕಪ್ಪು ಗುಡ್ಡೆಯ ಮೇಲೆ ಹಾಲಿನ ಕೆನೆಯಂಥದ್ದು ಏನೋ ಇತ್ತು. ಎಂಟು ತಿಂಗಳು ಪಕ್ಕದಲ್ಲಿ ಕೂತಿದ್ದೆ, ಅವರ ಕೈಯ ಮುದ್ದೆ ಉಂಡಿದ್ದೆ, ಆ ಕಣ್ಣನ್ನು ಅವತ್ತಿನವರೆಗೆ ಸರಿಯಾಗಿ ನೋಡಿರಲಿಲ್ಲ. ತೋಳು ಹಿಡಿದದ್ದು, ಓದಿಸಿದ್ದು, ಒತ್ತು ತುಂಬಿಸಿದ್ದು ಎಲ್ಲ ಒಟ್ಟಿಗೆ ತಲೆಗೆ ಬಂತು. ಹಳೆ ಕೀಬೋರ್ಡು ಅವರಿಗೆ ಕಾಣಬೇಕಿರಲಿಲ್ಲ, ಬೆರಳಿಗೆ ಗೊತ್ತಿತ್ತು. ಹೊಸದನ್ನು ಕಲಿಯಬೇಕಾದರೆ ಕಾಣಬೇಕು.

ಸರಿ ಐತೆ ಅಕ್ಕಾರೆ ಎಂದೆ. ಮಧ್ಯಾಹ್ನ ತಗಡು ಬಡಿಯುವುದು ನಿಂತ ಮೇಲೆ, ಅವರು ರೆಜಿಸ್ಟರ್ ಕೊಡಲು ಒಳಗೆ ಹೋದಾಗ ಗುಂಡಿ ತಿರುಗಿಸಿ, ಕಾರ್ಬನ್ ಪ್ರತಿ ನೋಡಿಕೊಂಡು ಪತ್ರವನ್ನು ಮತ್ತೆ ಹೊಡೆದೆ. ಮುಗಿಸುವಷ್ಟರಲ್ಲಿ ಅವರು ಬಂದು ಬಾಗಿಲಲ್ಲಿ ನಿಂತಿದ್ದರು.

ಮರುದಿನ ನಾನೊಬ್ಬಳೇ ಸಾಹೇಬರ ಕೋಣೆಗೆ ಹೋಗಿ, ಹಳೆಯದೇ ಇರಲಿ ಎಂದು ಬರೆದ ಚೀಟಿ ಕೊಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಿನ್ನ ಪರೀಕ್ಷೆಯ ಗತಿ ಏನು ಎಂದರು. ಕೈಗೆ ಹಳೆಯದೇ ಕುಂತುಬಿಟ್ಟಿದೆ ಎಂದು ಸುಳ್ಳು ಹೇಳಿದೆ. ವಾರ ಮುಗಿದಾಗ ಹೊಸ ಮೆಷಿನ್ನು ಗೋಣಿ ಸುತ್ತಿಕೊಂಡು ಹೊಸದುರ್ಗದ ಬಸ್ಸಿನ ಮೇಲೆ ಹೋಯಿತು. ನಾನು ಹೊರಗೆ ಹೋಗಿ ನೋಡಲಿಲ್ಲ. ಒಳ್ಳೆಯದು ಮಾಡಿದೆ ಎಂಬ ಸಮಾಧಾನ ಅವತ್ತು ಬರಲಿಲ್ಲ, ನಿಜ ಹೇಳಬೇಕಲ್ಲ.

ವಿಷಯ ತಿಳಿದ ಅಕ್ಕಾರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ನನ್ನ ತೋಳು ಹಿಡಿಯದೆ, ಗೋಡೆ ಸವರಿಕೊಂಡು ಒಬ್ಬರೇ ನಡೆದರು. ನಾನು ಹತ್ತು ಹೆಜ್ಜೆ ಹಿಂದೆ ಹೋದೆ. ಮೂರನೆಯ ದಿನ ಬೆಳಿಗ್ಗೆ ವಠಾರದ ನಲ್ಲಿಯ ಹತ್ತಿರ ಕೊಡ ಇಳಿಸಿ ನಿಂತರು.

"ಅವತ್ತು ನೀನು ಎರಡ್ನೇ ಸಲ ಹೊಡ್ದಿದ್ದು ನನ್ನ ಪತ್ರನೇ ಅಲ್ವೇನು? ಶಬ್ದದಾಗೇ ಗೊತ್ತಾತು. ಎಲ್ಲಿ ನಿಂತು ಎಲ್ಲಿ ಓಡ್ತೈತೆ ಅನ್ನೋದು ನಂಗೆ ಗೊತ್ತಿಲ್ವಾ?"

ನಾನು ತಲೆ ತಗ್ಗಿಸಿದೆ. ಅವರಿಗೆ ಅದು ಕಂಡಿರಲಾರದು.

"ನನ್ನ ಕಣ್ಣಿಗೆ ನಿನ್ನ ನೌಕರಿ ಯಾಕೆ ಕಟ್ತೀಯ? ನಿಂಗೆ ಯಾರು ಹೇಳಿದ್ರು ಹಂಗ್ ಮಾಡು ಅಂತ?"

ಯಾರೂ ಹೇಳಲಿಲ್ಲ ಎಂದೆ. ಆಮೇಲೆ ಧೈರ್ಯ ಮಾಡಿ, ಆಸ್ಪತ್ರೆಗೆ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ಅವರು ಕೊಡದ ಮೇಲೆ ಕೈಯಿಟ್ಟು ಹೇಳಿದರು. ಅವರ ಅತ್ತೆಗೆ ಹಿಂದೆ ಪೊರೆ ತೆಗೆಸಿದ್ದರಂತೆ. ಕೀವಾಗಿ, ಇದ್ದಷ್ಟು ಬೆಳಕೂ ಹೋಗಿತ್ತು. ಸಾಯುವವರೆಗೆ ಆ ಮುದುಕಿಯನ್ನು ಕೈಹಿಡಿದು ನಡೆಸಿದವರು ಇವರೇ. ಈಗ ಕಾಣುವ ಮಬ್ಬೂ ಹೋದರೆ ಮಗಳ ಓದಿನ ಗತಿ ಏನು ಎಂಬ ಹೆದರಿಕೆ. ಕಚೇರಿಗೆ ತಿಳಿದರೆ ಮನೆಗೆ ಕಳಿಸುತ್ತಾರೆ ಎಂಬುದು ಇನ್ನೊಂದು ಹೆದರಿಕೆ. ಮಬ್ಬು ದಿನೇ ದಿನೇ ಹೆಚ್ಚುತ್ತಿದ್ದರೂ ನಾಲ್ಕು ವರ್ಷ ಹೀಗೇ ಕಳೆದಿದ್ದರು.

ನಾನು ತಿಳಿದವಳಂತೆ ಏನೇನೋ ಹೇಳಿದೆ. ಅವುಗಳಲ್ಲಿ ಯಾವುದೂ ಅವರನ್ನು ಒಪ್ಪಿಸಲಿಲ್ಲ. ಒಪ್ಪಿಸಿದ್ದು ನನ್ನ ಪರೀಕ್ಷೆ. ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಮೇಷ್ಟ್ರ ಹತ್ತಿರ ಹೊಸದರಲ್ಲಿ ಅಭ್ಯಾಸ ಮಾಡಬೇಕೆಂದು ಅವರು ಪಟ್ಟು ಹಿಡಿದರು. ನೀವೂ ಜೊತೆಗೆ ಬಂದು ಕಣ್ಣು ತೋರಿಸುವುದಾದರೆ ಹೋಗುತ್ತೇನೆ ಎಂದು ನಾನು ಪಟ್ಟು ಹಿಡಿದೆ.

"ಹಟಮಾರಿ ಅದೀಯ," ಎಂದರು. ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, "ಆತು, ಹೋಗಾಣ."

ಸಾಹೇಬರಿಗೆ ಅವರೇ ಹೋಗಿ ನಿಜ ಹೇಳಿದರು. ಬೈಗುಳಕ್ಕೆ ಕಾದಿದ್ದೆವು. ಸಾಹೇಬರು ತಲೆ ಅಲ್ಲಾಡಿಸಿ, ತಮ್ಮ ತಂದೆಗೂ ಇದೇ ಆಗಿತ್ತೆಂದು ಹೇಳಿ, ರಜೆಯ ಅರ್ಜಿ ಬರೆಯಿರಿ ಎಂದರು. ಅಷ್ಟೇ. ನಾಲ್ಕು ವರ್ಷದ ಹೆದರಿಕೆ ಅರ್ಧ ಗಂಟೆಯಲ್ಲಿ ಮುಗಿಯಿತು. ಹೊರಗೆ ಬಂದ ಅಕ್ಕಾರು ಕುರ್ಚಿಯ ಮೇಲೆ ಕೂತು ಬಹಳ ಹೊತ್ತು ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಶಸ್ತ್ರಚಿಕಿತ್ಸೆ ಚಿತ್ರದುರ್ಗದಲ್ಲಾಯಿತು. ಕಣ್ಣಿಗೆ ಪಟ್ಟಿ ಕಟ್ಟಿ, ಅಲುಗಾಡದೆ ಮಲಗಬೇಕೆಂದು ಹೇಳಿದ್ದರು. ಸಿರಿಗೆರೆಯಿಂದ ಮಗಳು ಬಂದಳು, ಇಬ್ಬರೂ ಸರದಿಯಲ್ಲಿ ಗಂಜಿ ಕುಡಿಸಿದೆವು. ಅಕ್ಕಾರ ಬೆರಳುಗಳು ಹೊದಿಕೆಯ ಮೇಲೆ ಸದಾ ಏನನ್ನೋ ಹೊಡೆಯುತ್ತಿದ್ದವು. ಏನು ಟೈಪು ಮಾಡುತ್ತಿದ್ದೀರಿ ಎಂದು ಮಗಳು ಕೇಳಿದ್ದಕ್ಕೆ, ದೇವರಿಗೆ ಒಂದು ಜ್ಞಾಪನ ಪತ್ರ ಎಂದರು.

ಅದೇ ದಿನಗಳಲ್ಲಿ ನನ್ನ ಪರೀಕ್ಷೆಯೂ ಬಂತು. ಕೈ ಅರ್ಧ ಹಳೆಯದರಲ್ಲಿ, ಅರ್ಧ ಹೊಸದರಲ್ಲಿ ಸಿಕ್ಕಿಕೊಂಡು ನಾನು ಫೇಲಾದೆ. ಅಕ್ಕಾರಿಗೆ ಹೇಳಲು ಎರಡು ವಾರ ತೆಗೆದುಕೊಂಡೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮುಂದಿನ ಸಲದ ಅರ್ಜಿ ನಮೂನೆ ತರಿಸಿ ಮೇಜಿನ ಮೇಲೆ ಇಟ್ಟಿದ್ದರು. ಎರಡನೆಯ ಸಲ ಪಾಸಾದೆ, ದರ್ಜೆ ಕೇಳಬೇಡಿ.

ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಅಕ್ಕಾರು ಕಚೇರಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮೊದಲು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.

"ಇಷ್ಟು ಕರ್ರಗಿದ್ದೀಯೇನೇ? ನಾನು ನಿನ್ನ ಬೆಳ್ಳಗೆ ಅಂದ್ಕಂಡಿದ್ದೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಮಾತ್ರ ನಗದೆ, ಮುಖದ ಒಂದೊಂದು ಭಾಗವನ್ನೂ ಓದುವಂತೆ ನೋಡುತ್ತಲೇ ಇದ್ದರು.

ವಿಚಿತ್ರವೆಂದರೆ, ಕಣ್ಣು ಬಂದ ಮೇಲೆ ಅವರ ವೇಗ ಹೋಯಿತು. ಕೀಲಿಗಳನ್ನು ನೋಡಿದೊಡನೆ ಬೆರಳುಗಳು ತಡವರಿಸುತ್ತಿದ್ದವು. ಕೆಲಸ ಹೆಚ್ಚಿದ್ದ ದಿನ ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಮತ್ತೆ ಕಿಟಕಿಯ ಕಡೆ ತಿರುಗಿ ಹೊಡೆಯುತ್ತಿದ್ದರು. ಮರುವರ್ಷ ಜಿಲ್ಲಾ ಕಚೇರಿಯವರು ಯಾರ ಅಭಿಪ್ರಾಯವನ್ನೂ ಕೇಳದೆ ಹಳೆ ಮೆಷಿನ್ನನ್ನು ತೆಗೆದುಕೊಂಡು ಹೋಗಿ ಹೊಸದನ್ನು ಕೊಟ್ಟರು. ಅಕ್ಕಾರು ಅದನ್ನು ಎರಡೇ ಬೆರಳಿನಲ್ಲಿ, ಹುಡುಕಿ ಹುಡುಕಿ ಕಲಿತರು. ಒಂದೊಂದು ಅಕ್ಷರ ಹಾಳೆಗೆ ಬಿದ್ದಾಗಲೂ ಬಗ್ಗಿ ನೋಡುತ್ತಿದ್ದರು. ಅರ್ಧ ಪುಟಕ್ಕೆ ಒಂದು ಮಧ್ಯಾಹ್ನ ಹಿಡಿಯುತ್ತಿತ್ತು. ನಾನು ಮಾಡಿಕೊಡುತ್ತೇನೆಂದರೆ ಬಿಡುತ್ತಿರಲಿಲ್ಲ.

ಇನ್ನೂ ಒಂದು ವರ್ಷದ ಮೇಲೆ ನನಗೆ ಹಿರಿಯೂರಿಗೆ ವರ್ಗವಾಯಿತು. ಅವ್ವನಿಗೆ ಹತ್ತಿರ. ಅಕ್ಕಾರು ಬಸ್ ನಿಲ್ದಾಣಕ್ಕೆ ಬಂದರು, ಒಂದು ಕೈಯಲ್ಲಿ ನನ್ನ ಹಾಸಿಗೆ ಸುರುಳಿ, ಇನ್ನೊಂದರಲ್ಲಿ ಚಟ್ನಿಪುಡಿಯ ಡಬ್ಬಿ. ದೂರದಲ್ಲಿ ಧೂಳೆಬ್ಬಿಸಿಕೊಂಡು ಬಸ್ಸೊಂದು ಬಂತು. ನಾನು ಕಣ್ಣು ಕಿರಿದು ಮಾಡಿ ನೋಡುವಷ್ಟರಲ್ಲಿ ಅವರು ಅದರ ಹಲಗೆಯನ್ನು ಓದಿಬಿಟ್ಟಿದ್ದರು.

"ಚಿತ್ರದುರ್ಗದ್ದು. ಇದೇ ಕಣೆ, ಹತ್ತು. ಅಲ್ಲಿ ಇಳಿದು ಹಿರಿಯೂರಿಂದು ಹಿಡಿ."

ಹಾಸಿಗೆಯನ್ನು ಅವರೇ ಒಳಗೆ ತಳ್ಳಿದರು. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಅವಸರವಾಗಿ ಮತ್ತೆ ಹಾಕಿಕೊಂಡು ನನ್ನ ಕಡೆಗೇ ನೋಡುತ್ತಾ ನಿಂತಿದ್ದರು.