ಲ್ಯಾಂಬರ್ಟ್ ವಾಸಿಂಗರನ ತುಂಬಿದ ಮನೆ

ಲ್ಯಾಂಬರ್ಟ್ ವಾಸಿಂಗರನಿಗೆ ಅಸಹ್ಯವಾಗುವಂಥವು ಲೋಕದಲ್ಲಿ ಬಹಳ ಇದ್ದವು: ಆರಿಹೋದ ಕಾಫಿ, ಪ್ಲಾಸ್ಟಿಕ್ ಹುಲ್ಲು, ಬೆನ್ನು ಬಾಗಿಸದ ಹುಡುಗರು. ಆದರೆ ಹೊಟ್ಟೆ ತೊಳಸುವಂಥದ್ದು ಒಂದೇ. ಅದು ಅಮೆರಿಕದ ಫುಟ್‌ಬಾಲಿನ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟದ, ಹೊಸ ವ್ಯೂಹ. ಕ್ವಾರ್ಟರ್‌ಬ್ಯಾಕ್ ಅನ್ನಿಸಿಕೊಂಡ, ಆಟ ನಡೆಸುವವನು ಮುಂದಿನ ಸಾಲಿನಿಂದ ಐದು ಗಜ ಹಿಂದೆ ಒಬ್ಬನೇ ನಿಲ್ಲುತ್ತಾನೆ, ಅವನ ಜೊತೆಗಾರರು ಮೈದಾನದ ಅಂಚಿಗೆ ಚದುರಿಹೋಗುತ್ತಾರೆ.

"ಇದು ಫುಟ್‌ಬಾಲ್ ಅಲ್ಲ, ಆಸ್ತಿಪಾಲು. ಒಬ್ಬರ ಮುಖ ಒಬ್ಬರು ನೋಡಲ್ಲ," ಎನ್ನುತ್ತಿದ್ದ.

ಪಶ್ಚಿಮ ಕಾನ್ಸಾಸಿನ ಗೋಧಿ ಹೊಲಗಳ ನಡುವಿನ ಸೇಂಟ್ ಕಿಲಿಯನ್ ಶಾಲೆಯಲ್ಲಿ ಲ್ಯಾಂಬರ್ಟ್ ಮರಗೆಲಸದ ಮೇಷ್ಟ್ರು, ಫುಟ್‌ಬಾಲ್ ಕೋಚ್. ಅವನ ವ್ಯೂಹಕ್ಕೆ 'ತುಂಬಿದ ಮನೆ' ಎಂದು ಹೆಸರು. ಕ್ವಾರ್ಟರ್‌ಬ್ಯಾಕ್ ಸಾಲಿಗೆ ಅಂಟಿಕೊಂಡೇ ನಿಂತು ಚೆಂಡು ಇಸಿದುಕೊಳ್ಳಬೇಕು. ಅವನ ಹಿಂದೆ ಮೂವರು ಪಂಕ್ತಿಯಲ್ಲಿ ಊಟಕ್ಕೆ ಕೂತಂತೆ ಭುಜಕ್ಕೆ ಭುಜ ತಾಗಿಸಿರಬೇಕು. ಎಸೆತ, ಹಿಡಿತ ಎಲ್ಲ ಸೋಂಬೇರಿಗಳ ಕಸುಬು. ನಾಲ್ವರೂ ಒಂದೇ ಸಂದಿಗೆ ನುಗ್ಗಬೇಕು. ಹುಡುಗನಾಗಿದ್ದಾಗ ಆ ಮೂವರಲ್ಲಿ ನಡುವಿನವನು ಲ್ಯಾಂಬರ್ಟನೇ. ಹಿಂದೆ ಬರುವವನಿಗೆ ದಾರಿ ಬಿಡಿಸುವುದು ಅವನ ಕೆಲಸ. ಚೆಂಡು ಕೈಗೆ ಬಂದದ್ದು ಅಪರೂಪ, ಪೆಟ್ಟು ಮಂಡೆಗೆ ಬಂದದ್ದು ದಿನನಿತ್ಯ. ಮದುವೆಯ ಫೋಟೋದಲ್ಲಿ ಅವನ ಮೂಗು ಎಡಕ್ಕೆ ನೋಡುತ್ತದೆ. ಹೆಂಡತಿ ವರ್ಲೀನ್ ನಿಂತಿರುವುದು ಬಲಕ್ಕೆ.

ಸುತ್ತಲಿನ ಊರಿನ ತಂಡಗಳು ಕ್ವಾರ್ಟರ್‌ಬ್ಯಾಕಿನ ಹಿಂದಿನ ಆ ಮೂವರನ್ನು ಮೊದಲು ಒಬ್ಬರ ಹಿಂದೊಬ್ಬರಂತೆ ನಿಲ್ಲಿಸಿದವು. ಆಮೇಲೆ ಕೋಳಿಯ ಎದೆಮೂಳೆಯ ಆಕಾರಕ್ಕೆ ತಂದವು. ಅಲ್ಲಿಯವರೆಗೆ ಆಟಕ್ಕೆ ಮೂಳೆಯಾದರೂ ಇತ್ತು. ಕಡೆಗೆ ಒಬ್ಬನನ್ನು ತೆಗೆದವು, ಇಬ್ಬರನ್ನು ತೆಗೆದವು, ಮನೆಯನ್ನೇ ಖಾಲಿ ಮಾಡಿದವು. ಲ್ಯಾಂಬರ್ಟ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಆದರೆ ಊರೇ ಖಾಲಿಯಾಗುತ್ತಿತ್ತು. ಹೊಲದ ಯಂತ್ರಗಳು ದೊಡ್ಡದಾದಷ್ಟೂ ಸಂಸಾರಗಳು ಚಿಕ್ಕವಾದವು. ಆ ವರ್ಷ ತಂಡ ಆಡಿದ್ದನ್ನೆಲ್ಲ ಸೋತಿತು. ಪ್ರಿನ್ಸಿಪಾಲ್ ಲೊರೀನ್ ಬೀಕರ್, ಒಂದು ಕಾಲಕ್ಕೆ ಅವನ ಹತ್ತಿರವೇ ಸ್ಟೂಲು ಮಾಡಲು ಕಲಿತವಳು, ಅವನನ್ನು ಕರೆಸಿದಳು.

"ಕೋಚ್, ಕೊನೇ ಆಟ ಒಂದು ಗೆದ್ದು ಕೊಡಿ. ಸ್ಕೂಲ್ ಬೋರ್ಡಿನವರ ಬಾಯಿ ಮುಚ್ಚಿಸ್ತೀನಿ. ಇಲ್ದಿದ್ರೆ ಮುಂದಿನ ವರ್ಷದಿಂದ ಹನ್ನೊಂದು ಜನರ ಆಟ ಬಿಟ್ಟು ಎಂಟು ಜನರ ಆಟ."

"ಎಂಟಾ? ಹೆಣ ಹೊರೋಕೇ ಆರು ಜನ ಬೇಕು ಲೊರೀನ್. ಉಳಿದಿಬ್ಬರು ಅಳೋಕಾ?"

"ತಮಾಷೆ ಬೇಡ ಕೋಚ್."

"ತಮಾಷೆ ಯಾರು ಮಾಡಿದ್ರು? ಎಂಟಾದ್ರೆ ನಾನಿಲ್ಲ."

ಕೊನೆಯ ಆಟಕ್ಕೆ ಪಕ್ಕದ ಬೆಲ್‌ಮಾಂಟ್ ತಂಡ ಬಂತು. ಲ್ಯಾಂಬರ್ಟನ ಕಡೆ ಜ್ವರ ಬಾರದೆ ಉಳಿದವರು ಸರಿಯಾಗಿ ಹನ್ನೊಂದು. ಅರ್ಧ ಆಟದೊಳಗೆ ಒಬ್ಬ ಸಾಲಿನಲ್ಲೇ ವಾಂತಿ ಮಾಡಿಕೊಂಡು ಹೊರನಡೆದ. ಲ್ಯಾಂಬರ್ಟ್ ಸಾಲಿನ ಒಂದು ತುದಿಯವನನ್ನು ಒಳಕ್ಕೆ ಎಳೆದು ಆ ಜಾಗಕ್ಕೆ ಹಾಕಿದ. ಇನ್ನೊಬ್ಬನ ಮಣಿಕಟ್ಟು ಊದಿತು. ಇನ್ನೊಂದು ತುದಿಯವನು ಅವನ ಜಾಗಕ್ಕೆ ಬಂದ. ಮನೆ ಮಾತ್ರ ತುಂಬಿಯೇ ಇತ್ತು. ಆಮೇಲೆ ಮೂವರ ನಡುವಿನ ಗ್ರೇಡಿ ಲೈಕರ್ ಮೊಣಕಾಲು ಹಿಡಿದುಕೊಂಡು ಕೂತ. ಬೆಲ್‌ಮಾಂಟ್ ಆರು, ಇವರದು ಸೊನ್ನೆ, ಉಳಿದದ್ದು ನಿಮಿಷಕ್ಕೂ ಕಡಿಮೆ.

"ಕೋಚ್, ನಡುವೆ ಖಾಲಿ," ಎಂದ ಸಹಾಯಕ ಡ್ವೇನ್.

"ನನಗಿನ್ನೂ ಕಣ್ಣಿದೆ ಡ್ವೇನ್."

ಮೈದಾನದಲ್ಲಿ ಎಂಟು ಜನ. ಕ್ವಾರ್ಟರ್‌ಬ್ಯಾಕ್ ಬ್ರೆಟ್ ಅತ್ತಿತ್ತ ನೋಡಿದ, ಉಳಿದಿದ್ದ ಇಬ್ಬರನ್ನು ಎರಡು ಅಂಚಿಗೆ ಅಟ್ಟಿದ, ತಾನು ಐದು ಗಜ ಹಿಂದಕ್ಕೆ ಸರಿದ.

"ಒಳಗೆ ಬನ್ರೋ! ಮನೆ ಒಳಗೆ ಬನ್ರೋ!" ಲ್ಯಾಂಬರ್ಟ್ ಕಿರುಚಿದ.

"ಮನೇಲಿ ಯಾರೂ ಇಲ್ಲ ಕೋಚ್!"

ಬೆಲ್‌ಮಾಂಟಿನ ಹನ್ನೊಂದೂ ಮಂದಿ ಲ್ಯಾಂಬರ್ಟನ ಹಳೇ ಚಾಳಿ ಬಲ್ಲವರು. ನಡುವೆಯೇ ಗುಂಪುಗಟ್ಟಿ ನಿಂತಿದ್ದರು. ಬ್ರೆಟ್ ಚೆಂಡನ್ನು ಎಸೆದ. ಅಂಚಿನವನು ಅದನ್ನು ಹಿಡಿದು ತನ್ನಷ್ಟಕ್ಕೆ ಓಡಿಹೋಗಿ ಗೆರೆ ದಾಟಿದ. ಆರು ಅಂಕ. ಗೆರೆ ದಾಟಿದವರಿಗೆ ಸಿಗುವ ಇನ್ನೊಂದು ಅವಕಾಶದಲ್ಲೂ ಅದೇ ವೇಷ, ಮೇಲೆ ಎರಡು. ಅಲ್ಲಿಗೆ ಆಟ ಮುಗಿಯಿತು.

ಸ್ಕೋರ್‌ಬೋರ್ಡಿನ ಗುಂಡಿ ಒತ್ತುವವಳು ವರ್ಲೀನ್. ಲ್ಯಾಂಬರ್ಟ್ ನೇರ ಅವಳ ಹತ್ತಿರ ಹೋದ.

"ಒತ್ತಿಬಿಟ್ಯಾ?"

"ಎಂಟು ಹೊಡೆದ್ರೆ ಎಂಟೇ ಒತ್ತಬೇಕು ಲ್ಯಾಂಬರ್ಟ್. ನಿನಗೆ ಅಸಹ್ಯ ಅಂತ ಮೂರು ಕಳೆದು ಸೋಲಿಸ್ಲಾ?"

ಅಷ್ಟರಲ್ಲಿ ಲೊರೀನ್ ಓಡಿಬಂದಳು. "ಗೆದ್ರಿ ಕೋಚ್! ಬೋರ್ಡಿನವರೆಲ್ಲ ಕುಣೀತಿದ್ದಾರೆ! ಎಂಟೇ ಜನ ಸಾಕು ಅಂತ ನೀವೇ ತೋರಿಸ್ಕೊಟ್ರಲ್ಲ!"

ಬೇಡಿದ ಗೆಲುವು ಸಿಕ್ಕಿತ್ತು, ವಾಸನೆ ಹೊಡೆಯುತ್ತಿತ್ತು. ಲ್ಯಾಂಬರ್ಟ್ ಒಮ್ಮೆ ಉಗಿದು, ಕೊರಳಿನ ಸೀಟಿಯನ್ನು ಬಿಚ್ಚಿ ಡ್ವೇನನ ಕೈಗಿಟ್ಟ.

"ಎದುರಾಳೀನ ಭುಜ ಕೊಟ್ಟು ತಡೆಯೋದು ಕಲಿಸೋಕಾದ್ರೂ ಬನ್ನಿ ಕೋಚ್," ಎಂದ ಡ್ವೇನ್.

"ಯಾರನ್ನ ತಡೀತಾರೆ? ಹತ್ತಿರದವನು ಮುಂದಿನ ಜಿಲ್ಲೆಯಲ್ಲಿ ನಿಂತಿರ್ತಾನೆ."

ಮರುವರ್ಷ ಎಂಟು ಜನರ ಆಟಕ್ಕೆಂದು ಮೈದಾನದ ಸುಣ್ಣದ ಗೆರೆಗಳು ಒಳಕ್ಕೆ ಬಂದವು. ಶುಕ್ರವಾರ ಊರಿನ ಪಿಕಪ್ ಗಾಡಿಗಳೆಲ್ಲ ಎಂದಿನಂತೆ ಮೈದಾನದ ಕಡೆ ಮುಖ ಮಾಡಿ ನಿಂತವು. ಲ್ಯಾಂಬರ್ಟ್ ತನ್ನದನ್ನು ಹಿಂದುಮುಂದಾಗಿ ನಿಲ್ಲಿಸಿ, ಗಾಜು ಏರಿಸಿ ಕೂತ. ಸೇಂಟ್ ಕಿಲಿಯನ್ ಅಂಕ ಗಳಿಸಿದಾಗ ಎಲ್ಲರೂ ಹಾರ್ನ್ ಹೊಡೆದರು. ಅವನು ಹೊಡೆಯಲಿಲ್ಲ. ಪಕ್ಕದ ಕನ್ನಡಿಯಲ್ಲಿ ಆಟ ಎಡಬಲ ಅದಲುಬದಲಾಗಿ ಕಾಣುತ್ತಿತ್ತು. ಹಾಗೆ ನೋಡಿದರೂ ಅಸಹ್ಯವೇ.

ಗ್ರೇಡಿ ಲೈಕರ್ ಬೆನ್ನು ಬಾಗಿಸದೆ ನೆಟ್ಟಗೇ ಹೋಗಿ ಎದುರಾಳಿಯ ಮೇಲೆ ಬಿದ್ದ. ಲ್ಯಾಂಬರ್ಟ್ ಗಾಜು ಇಳಿಸಿದ.

"ಸೊಂಟ ಬಗ್ಗಿಸೋ ಕತ್ತೆ! ಭುಜ ಕೊಡೋ, ಎದೆ ಅಲ್ಲ!"

ಗಾಜು ಏರಿಸಿಕೊಂಡು, ಕನ್ನಡಿಯನ್ನು ಒಂದಿಷ್ಟು ಸರಿಪಡಿಸಿಕೊಂಡ.